‘ಮೂರ್ಖರೇ’ ಎಂದು ಬೈಯುವ ಚಿತ್ರ: ಅರ್ಥವೇನು, ಬೆಲೆಯೆಷ್ಟು?

ಬದಿಯಡ್ಕದಿಂದ ಪ್ರಶ್ನೆ: ದುಬೈಯಲ್ಲಿರುವ ಚಿಕ್ಕಪ್ಪನ ಮಗ ಹೆಸರು ಮುಚ್ಚಿಟ್ಟ ಬ್ರಿಟಿಷ್ ಬೀದಿಗೋಡೆ ಕಲಾವಿದ ಬ್ಯಾಂಕ್ಸಿಯ ‘ಮೊರಾನ್ಸ್’ (ಮೂರ್ಖರು) ಪ್ರಿಂಟ್ ಉಡುಗೊರೆ ಕೊಟ್ಟಿದ್ದಾನೆ. ಹರಾಜಿನ ದೃಶ್ಯ, ಚೌಕಟ್ಟಿನೊಳಗೆ ಬೈಗುಳ. ಇದರ ಅರ್ಥವೇನು? ಅಸಲಿಯೇ? ಎಷ್ಟು ಬೆಲೆ ಬಾಳುತ್ತದೆ? ಮಳೆಗಾಲದಲ್ಲಿ ಹೇಗೆ ಕಾಪಾಡುವುದು?

ಕುಂಬಳೆಯಿಂದ: ಅರ್ಥಕ್ಕೆ ಮೂಲ ಒಂದು ನಿಜವಾದ ಹರಾಜು. 1987ರ ಮಾರ್ಚ್‌ನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜು ಮನೆಯಲ್ಲಿ ಚಿತ್ರಕಾರ ವ್ಯಾನ್ ಗಾಗ್‌ನ ‘ಸೂರ್ಯಕಾಂತಿ’ 2.475 ಕೋಟಿ ಪೌಂಡಿಗೆ ಹೋಯಿತು. ಆಗ ಅದು ದಾಖಲೆ. ಬ್ಯಾಂಕ್ಸಿ ಆ ದೃಶ್ಯವನ್ನೇ ಇಟ್ಟುಕೊಂಡು, ಹೂವಿನ ಬದಲು ‘ಮೂರ್ಖರೇ, ಈ ಹೊಲಸನ್ನು ನೀವು ನಿಜಕ್ಕೂ ಕೊಳ್ಳುತ್ತೀರಲ್ಲ’ ಎಂಬರ್ಥದ ಮಾತು ಬರೆದ. ಬೈಗುಳ ಕೊಳ್ಳುವವನಿಗೇ. ಆದರೂ ಕೊಂಡರು, ಬೆಲೆ ಏರಿತು. 2021ರ ಮಾರ್ಚ್‌ನಲ್ಲಿ ಒಂದು ಬ್ಲಾಕ್‌ಚೈನ್ ಕಂಪನಿ 95,000 ಡಾಲರಿಗೆ ಕೊಂಡ ‘ಮೊರಾನ್ಸ್’ ಪ್ರತಿಯೊಂದನ್ನು ಸುಟ್ಟು, ಅದರ ಡಿಜಿಟಲ್ ಟೋಕನ್ನನ್ನು (ಕಂಪ್ಯೂಟರಿನಲ್ಲಷ್ಟೇ ದಾಖಲಾಗಿರುವ ಒಡೆತನದ ಗುರುತು) ಸುಮಾರು 3,80,000 ಡಾಲರಿಗೆ ಮಾರಿತು. ಚಿತ್ರ ಹೇಳಿದ್ದನ್ನೇ ಮಾರುಕಟ್ಟೆ ಮಾಡಿ ತೋರಿಸಿತು. ಅದಕ್ಕೇ ಈ ಪ್ರಿಂಟ್ ಬ್ಯಾಂಕ್ಸಿಯ ಬೇರೆಲ್ಲ ಪ್ರಿಂಟ್‌ಗಳಿಗಿಂತ ಹರಿತವಾದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮಂಜೇಶ್ವರದಿಂದ: ಬೆಲೆ ಕೇಳುವ ಮೊದಲು ಕಾಗದಪತ್ರ ಕೇಳಿ. ಬ್ಯಾಂಕ್ಸಿಯ ಕೃತಿಗಳಿಗೆ ಪ್ರಮಾಣಪತ್ರ ಕೊಡುವುದು ‘ಪೆಸ್ಟ್ ಕಂಟ್ರೋಲ್’ ಎಂಬ ಕಚೇರಿ ಒಂದೇ, 2008ರಿಂದ. ಪತ್ರಕ್ಕೆ ರಾಜಕುಮಾರಿ ಡಯಾನಾ ಮುಖದ ನಕಲಿ ಹತ್ತು ಪೌಂಡ್ ನೋಟಿನ ಹರಿದ ಅರ್ಧ ಪಿನ್ ಹೊಡೆದಿರುತ್ತದೆ. ಇನ್ನರ್ಧ ಅವರ ಬಳಿ. ಕೈಯಲ್ಲಿ ಬರೆದ ಸಂಖ್ಯೆ ಎರಡೂ ಅರ್ಧಗಳ ಮೇಲೆ ಹರಿದುಹೋಗಿರುವುದರಿಂದ, ಜೋಡಿಸಿದರೆ ಮಾತ್ರ ಸರಿಹೊಂದುತ್ತದೆ. ಗ್ಯಾಲರಿಯವರೇ ಬರೆದುಕೊಟ್ಟ ಪತ್ರ, ಹೊಲೊಗ್ರಾಂ ಚೀಟಿ ಇವಕ್ಕೆ ದೊಡ್ಡ ಹರಾಜು ಮನೆಗಳಲ್ಲಿ ಬೆಲೆಯಿಲ್ಲ.

ಆಮೇಲೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ಅಸಲಿ ಸ್ಕ್ರೀನ್‌ಪ್ರಿಂಟ್‌ನಲ್ಲಿ (ಜಾಲರಿಯ ಮೂಲಕ ಬಣ್ಣ ಒತ್ತಿದ ಮುದ್ರಣ) ಬಣ್ಣ ಕಾಗದದ ಮೇಲೆ ಒಂದೇ ಪದರವಾಗಿ ಕೂತಿರುತ್ತದೆ. ನೀಲಿ, ಕೆಂಪು, ಹಳದಿ ಚುಕ್ಕೆಗಳ ಗುಂಪು ಕಂಡರೆ ಅದು ಯಂತ್ರದಲ್ಲಿ ಅಚ್ಚಾದ ಆಫ್‌ಸೆಟ್ ಪೋಸ್ಟರ್; ಅಲ್ಲಿಗೆ ಮುಗಿಯಿತು. ಚುಕ್ಕೆ ಕಾಣದಿದ್ದರೆ ಅಸಲಿ ಎಂದೇನೂ ಅಲ್ಲ, ನಕಲಿಯನ್ನೂ ಸ್ಕ್ರೀನ್‌ನಲ್ಲಿ ಹೊಡೆಯುತ್ತಾರೆ. ಲಂಡನ್ನಿನ ‘ಪಿಕ್ಚರ್ಸ್ ಆನ್ ವಾಲ್ಸ್’ ಎಂಬ ಪ್ರಿಂಟ್ ಪ್ರಕಾಶಕರು ಹೊರತಂದ ಪ್ರತಿಯಾದರೆ ಹಾಳೆ ಸುಮಾರು 56×76 ಸೆಂಟಿಮೀಟರ್, ಅಂಚಿನಲ್ಲಿ ಪೆನ್ಸಿಲಿನ ಕ್ರಮಸಂಖ್ಯೆ, ಬಣ್ಣವಿಲ್ಲದ ಉಬ್ಬುಮುದ್ರೆ ಇರಬೇಕು. 2006ರ ಲಾಸ್ ಏಂಜಲೀಸ್ ಪ್ರತಿ, ಬಿಳಿ, ಸೆಪಿಯಾ (ಕಂದು ಛಾಯೆ) ಎಂದು ಬಗೆಗಳುಂಟು. ಬಗೆ, ಸಹಿ, ಸ್ಥಿತಿ ಮೂರೂ ಒಂದೇ ಆಗಿರುವ ಪ್ರತಿಯ ಹರಾಜು ದರದೊಂದಿಗೆ ಮಾತ್ರ ಹೋಲಿಸಿ.

ಅದೂ ಸುತ್ತಿಗೆ ದರವನ್ನು, ಅಂದರೆ ಹರಾಜುಗಾರ ಸುತ್ತಿಗೆ ಬಡಿದು ಮುಗಿಸಿದ ಕೊನೆಯ ಕೂಗಿನ ಮೊತ್ತವನ್ನು. ಪತ್ರಿಕೆಯಲ್ಲಿ ಬರುವುದು ಖರೀದಿದಾರನ ಕಮಿಷನ್ ಸೇರಿದ ಮೊತ್ತ. 2018ರಲ್ಲಿ ಸೋದಬೀಸ್ ಹರಾಜು ಮನೆಯಲ್ಲಿ ಅರ್ಧ ಚೂರಾದ ಬ್ಯಾಂಕ್ಸಿಯ ‘ಬಲೂನಿನ ಹುಡುಗಿ’ಗೆ ಸುತ್ತಿಗೆ ಬಿದ್ದದ್ದು 8,60,000 ಪೌಂಡಿಗೆ, ಸುದ್ದಿಯಾದದ್ದು 10.42 ಲಕ್ಷ. ಮಾರುವವನ ಕೈಗೆ ಬರುವುದು ಸುತ್ತಿಗೆ ದರದಲ್ಲಿ ಅವನ ಕಮಿಷನ್ನೂ ಕಳೆದ ಮೇಲೆ ಉಳಿದದ್ದು.

ಕಾಸರಗೋಡಿನಿಂದ, ತೆರಿಗೆ ಬಗ್ಗೆ: ಅಸಲಿಯಾದರೆ ಎಚ್ಚರ. ಚಿಕ್ಕಪ್ಪ ಆದಾಯ ತೆರಿಗೆ ಕಾನೂನಿನಲ್ಲಿ ‘ಸಂಬಂಧಿಕ’, ಅವರ ಮಗ ಅಲ್ಲ. ಅಂಥವರಿಂದ ಬಂದ ಕಲಾಕೃತಿಯ ಮೌಲ್ಯ 50,000 ರೂಪಾಯಿ ಮೀರಿದರೆ ಪೂರ್ತಿ ಮೌಲ್ಯ ನಿಮ್ಮ ಆದಾಯಕ್ಕೆ ಸೇರುತ್ತದೆ. ಮದುವೆಯ ಉಡುಗೊರೆಗೆ ವಿನಾಯಿತಿ ಉಂಟು.

ಉಪ್ಪಳದಿಂದ, ಚೌಕಟ್ಟಿನ ಬಗ್ಗೆ: ಲ್ಯಾಮಿನೇಷನ್ ಬೇಡವೇ ಬೇಡ. ಹಾರ್ಡ್‌ಬೋರ್ಡಿಗೆ ಅಂಟಿಸುವುದು, ಸೆಲ್ಲೋಟೇಪು, ಅಂಚು ಕತ್ತರಿಸುವುದು ಒಂದೂ ಬೇಡ. ಒಂದೊಂದೂ ಬೆಲೆ ಇಳಿಸುತ್ತದೆ, ಮರಳಿ ಸರಿಯಾಗುವುದಿಲ್ಲ. ಆಮ್ಲರಹಿತ ಹತ್ತಿ ಬೋರ್ಡಿಗೆ ಜಪಾನಿ ಕಾಗದದ ಎರಡು ಸಣ್ಣ ಪಟ್ಟಿಗಳಿಂದ ಮೇಲ್ಭಾಗವನ್ನಷ್ಟೇ ತೂಗಿಸಿ, ಕೆಳಭಾಗ ಬಿಡಿಯಾಗಿರಲಿ. ಮಳೆಗೆ ಹಾಳೆ ಹಿಗ್ಗುತ್ತದೆ, ನಾಲ್ಕೂ ಕಡೆ ಬಿಗಿದರೆ ಅಲೆಯೇಳುತ್ತದೆ. ಅಂಟು ಪ್ರೋಟೀನ್ ತೆಗೆದ ಗೋಧಿ ಪಿಷ್ಟದ್ದಾಗಿರಲಿ. ಚುನಾವಣಾ ಪೋಸ್ಟರಿನ ಮೈದಾ ಗಂಜಿ ಹುಳುವನ್ನು ಕರೆಯುತ್ತದೆ. ಗಾಜು ಹಾಳೆಗೆ ತಾಗದಂತೆ ಸಂದು ಬಿಡಿ. ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ಅಕ್ರಿಲಿಕ್ ಆದರೆ ಉತ್ತಮ.

ನಮ್ಮ ಮುರಕಲ್ಲಿನ ಗೋಡೆ ಆಟಿ ತಿಂಗಳ ಮಳೆಯಲ್ಲಿ ನೀರು ಕುಡಿದು ನಿಂತಿರುತ್ತದೆ. ಪಡುವಣದ ಹೊರಗೋಡೆ ಬಿಟ್ಟು ಒಳಗಿನ ಅಡ್ಡಗೋಡೆಯಲ್ಲಿ ತೂಗಿ, ಹಿಂದಿನ ನಾಲ್ಕು ಮೂಲೆಗೆ ಕಾರ್ಕ್ ತುಂಡು ಕೊಟ್ಟು ಗಾಳಿಯಾಡಲು ಬಿಡಿ. ತೇವಾಂಶ 65 ಶೇಕಡಾ ಮೀರಿ ವಾರಗಟ್ಟಲೆ ನಿಂತರೆ ಬೂಸಲು, ಕಂದು ಚುಕ್ಕೆ ಶುರು. 50ರ ಆಸುಪಾಸು ಒಳ್ಳೆಯದು. ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್ ಪಕ್ಕದಲ್ಲೇ ಇರಲಿ.

ಮಂಜೇಶ್ವರದಿಂದ, ಮತ್ತೆ: ಚೌಕಟ್ಟು ಹಾಕುವ ಮೊದಲೇ ಮುಂಭಾಗ, ಹಿಂಭಾಗ, ಕ್ರಮಸಂಖ್ಯೆ, ಉಬ್ಬುಮುದ್ರೆಯ ಫೋಟೋ ತೆಗೆದಿಡಿ. ಉಬ್ಬುಮುದ್ರೆಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ, ನೇರ ಬೆಳಕಿನಲ್ಲಿ ಅದು ಕಾಣಿಸುವುದಿಲ್ಲ. ಚಿಕ್ಕಪ್ಪನ ಮಗ ಎಲ್ಲಿ ಕೊಂಡ, ಯಾರಿಂದ ಕೊಂಡ ಎಂಬ ಬಿಲ್ಲನ್ನು ಈ ವಾರವೇ ಕೇಳಿ ತರಿಸಿಕೊಳ್ಳಿ.