ಅಪ್‌ಡೇಟ್: 20ರವರೆಗೆ ಎಣಿಸುವ ಹುಡುಗ 'ಐದು ಕೊಡು' ಅಂದರೆ ಕೊಡುತ್ತಿಲ್ಲ ಎಂದಿದ್ದೆನಲ್ಲ, ಈಗ ಕೊಡುತ್ತಿದ್ದಾನೆ!

ಹೊಸದಾಗಿ ಓದುವವರಿಗೆ: ಬೌದ್ಧಿಕ ಅಂಗವೈಕಲ್ಯವಿರುವ ನನ್ನ ಎರಡನೇ ತರಗತಿಯ ವಿದ್ಯಾರ್ಥಿ 20ರವರೆಗೆ ಸರಾಗವಾಗಿ ಹೇಳುತ್ತಿದ್ದ. ಆದರೆ "ಐದು ಗುಂಡಿ ಕೊಡು" ಅಂದರೆ ಕೈಗೆ ಸಿಕ್ಕಷ್ಟನ್ನೂ ಕೊಟ್ಟುಬಿಡುತ್ತಿದ್ದ.

ಕೆಲಸ ಮಾಡಿದ್ದು ಹಿಂದಿನ ಪೋಸ್ಟ್‌ಗೆ ನೀವು ಹೇಳಿದ ಐದು ಮನೆಗಳ ರಟ್ಟು, ಅಂದರೆ ಐದು ಚೌಕ ಬರೆದ ರಟ್ಟು. ಮನೆಗೊಂದು ಗುಂಡಿ ಇಡುವುದು, ತುಂಬಿದ ಮೇಲೆ "ಒಟ್ಟು ಐದು" ಅನ್ನುವುದು. ಅದು ರೂಢಿಯಾದ ಮೇಲೆ ಕೊನೆಯಿಂದ ಒಂದೊಂದೇ ಮನೆ ಅಳಿಸುತ್ತಾ ಬಂದೆ. ಜೊತೆಗೆ ಇನ್ನೊಬ್ಬರು ಹೇಳಿದ್ದ ಮಾತು: ತಡವರಿಸಿದ ಕೂಡಲೇ ಕೈಹಿಡಿದು ತೋರಿಸಬೇಡಿ, ನಾಲ್ಕೈದು ಸೆಕೆಂಡು ಸುಮ್ಮನೆ ಕಾಯಿರಿ. ಅಷ್ಟು ಹೊತ್ತು ಕೊಟ್ಟರೆ ಎಷ್ಟೋ ಸಲ ತಾನೇ ಮಾಡುತ್ತಾನೆ!

ಎಣಿಕೆಯ ಹಾಡು ಇವನಿಗೆ ಉಪಯೋಗವಾಗಲಿಲ್ಲ. ಬಾಯಿಪಾಠ ಮೊದಲೇ ಇತ್ತಲ್ಲ. ಚಿತ್ರದ ವರ್ಕ್‌ಶೀಟೂ ಅಷ್ಟೇ.

ನಾನು ಊಹಿಸದೇ ಇದ್ದದ್ದು, ಗುಂಡಿಯಲ್ಲಿ ಕಲಿತದ್ದು ಪೆನ್ಸಿಲ್‌ಗೆ ಬರಲಿಲ್ಲ. ಮತ್ತೆ ಮೊದಲಿನಿಂದ ಹೇಳಿಕೊಡಬೇಕಾಯಿತು. ಹಾಗಾಗಿ ಶುರುವಿನಿಂದಲೇ ವಸ್ತು, ಜಾಗ, ಕೇಳುವವರು ಎಲ್ಲವನ್ನೂ ಬದಲಿಸುತ್ತಾ ಕಲಿಸಿ. ಈಗ ಮನೆಯಲ್ಲಿ ಅವನ ಅಮ್ಮ ಚಮಚ ಎಣಿಸಿ ಕೊಡು ಅಂತ ಕೇಳುತ್ತಾರೆ, ಸರಿಯಾಗಿಯೇ ಕೊಡುತ್ತಾನಂತೆ. ಆರು, ಏಳು ಮುಂದಿನ ವಾರದಿಂದ.