ಗಂಡಸು ಸ್ಕರ್ಟ್ ತೊಟ್ಟು ಬೀದಿಗಿಳಿದರೆ ತಪ್ಪೇನು?

ನಡಿಗೆಗಾರ
ಮೂರು ವರ್ಷಗಳಿಂದ ವಾರದಲ್ಲಿ ನಾಲ್ಕೈದು ದಿನ ಕಿಲ್ಟ್ ಅಥವಾ ಸಾದಾ ಸ್ಕರ್ಟ್ ತೊಟ್ಟೇ ಹೊರಗೆ ಹೋಗುತ್ತಿದ್ದೇನೆ. ಕಿಲ್ಟ್ ಎಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತುವ, ಮಂಡಿಯವರೆಗಿನ ನೆರಿಗೆಯ ಉಡುಪು. ನಾಟಕಕ್ಕಲ್ಲ, ಸಮಾರಂಭಕ್ಕಲ್ಲ, ಕೆಲಸಕ್ಕೆ, ಗ್ರಂಥಾಲಯಕ್ಕೆ, ಸಂಜೆಯ ನಡಿಗೆಗೆ. ಸೆಕೆಯಲ್ಲಿ ತೊಡೆ ಉಜ್ಜಿ ಚರ್ಮ ಕೆಂಪಾಗುವ ಕಾಟ ತಪ್ಪಿತು, ಅದು ಮೊದಲ ಕಾರಣ. ನನಗೆ ಅದು ಇಷ್ಟ, ಇದು ಎರಡನೆಯದು. ನಿನ್ನೆ ಬಸ್ ನಿಲ್ದಾಣದಲ್ಲಿ ಒಬ್ಬರು ನನ್ನನ್ನು ಕೇಳದೆಯೇ ಮೊಬೈಲಿನಲ್ಲಿ ಫೋಟೊ ತೆಗೆದರು. ಏಕೆಂದು ಕೇಳಿದ್ದಕ್ಕೆ “ಗಂಡಸಾದರೆ ಗಂಡಸಿನ ಬಟ್ಟೆ ಹಾಕಿಕೋ” ಎಂದರು. ರಾತ್ರಿಯೆಲ್ಲ ಆ ಮಾತು ಕೊರೆಯಿತು.

ಗಂಡಸಿನ ಬಟ್ಟೆ ಎಂದರೆ ಪ್ಯಾಂಟ್ ಎಂದು ತೀರ್ಮಾನಿಸಿದವರು ಯಾರು? ರೋಮನ್ ಗಂಡಸರು ತೊಡುತ್ತಿದ್ದದ್ದು ಟ್ಯೂನಿಕ್ ಎಂಬ ಉದ್ದನೆಯ ನಿಲುವಂಗಿ. ಪ್ಯಾಂಟ್ ಅವರ ಕಣ್ಣಿಗೆ ಅನಾಗರಿಕರ ಉಡುಪು. 4ನೇ ಶತಮಾನದ ಕೊನೆಯಲ್ಲಿ, ಹೊನೋರಿಯಸ್ ಚಕ್ರವರ್ತಿಯ ಕಾಲದಲ್ಲಿ, ರೋಮ್ ನಗರದೊಳಗೆ ಅದನ್ನು ತೊಡಬಾರದೆಂದು ಕಾನೂನೇ ಬಂತು. ಈವರೆಗೆ ಸಿಕ್ಕಿರುವ ಅತಿ ಹಳೆಯ ಪ್ಯಾಂಟುಗಳು ಚೀನಾದ ಟರ್ಫಾನ್ ಬಳಿಯ ಸಮಾಧಿಗಳಲ್ಲಿದ್ದವು, ಸುಮಾರು 3,000 ವರ್ಷ ಹಳೆಯವು. ಅಗೆದು ತೆಗೆದವರ ಪ್ರಕಾರ ಅವು ಕುದುರೆ ಸವಾರರ ಉಡುಪು. ಕುದುರೆ ಏರದ ನನಗೆ ಅದು ಏಕೆ ಕಡ್ಡಾಯ?

ನೇರನುಡಿ
“ಕುದುರೆ ಏರದ ನನಗೆ” ಎನ್ನುವುದೂ ಒಂದು ವಾದವೇ? ಕುದುರೆ ಹೋಯಿತು, ಸೈಕಲ್ ಬಂತು, ಬೈಕ್ ಬಂತು, ಏಣಿ ಇದೆ, ತಿರುಗುವ ಯಂತ್ರ ಇದೆ. ಎರಡು ಕಾಲನ್ನೂ ಬೇರೆ ಬೇರೆಯಾಗಿ ಮುಚ್ಚುವ ಬಟ್ಟೆ ದುಡಿಯುವವನ ಬಟ್ಟೆ. ಕಿಲ್ಟಿನ ಹೆಮ್ಮೆ ಹೇಳುವವರು ಮೊದಲ ಮಹಾಯುದ್ಧದಲ್ಲಿ ಕಿಲ್ಟ್ ತೊಟ್ಟ ಸ್ಕಾಟಿಷ್ ಸೈನಿಕರಿದ್ದ ಕಂದಕಗಳನ್ನು ನೆನೆಯಲಿ: ನೆರಿಗೆಗಳ ಒಳಗೆಲ್ಲ ಹೇನು, ಅಂಚಿಗೆ ಮೆತ್ತಿದ ಕೆಸರು ಹೆಪ್ಪುಗಟ್ಟಿ ಮಂಡಿಯ ಹಿಂಭಾಗವನ್ನು ಕೊಯ್ಯುತ್ತಿತ್ತು, ಸಾಸಿವೆ ಅನಿಲ ಎಂಬ ವಿಷಾನಿಲ ಬಂದಾಗ ಮುಚ್ಚದ ಚರ್ಮ ಸುಟ್ಟು ಬೊಬ್ಬೆ ಏಳುತ್ತಿತ್ತು. ಎರಡನೆಯ ಮಹಾಯುದ್ಧ ಶುರುವಾಗುವ ಹೊತ್ತಿಗೆ ಬ್ರಿಟಿಷ್ ಸೇನೆಯೇ ಅದನ್ನು ರಣರಂಗದಿಂದ ತೆಗೆಯಿತು.

ಫೋಟೊ ತೆಗೆದದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಬಟ್ಟೆ ಎಲ್ಲರೂ ಓದುವ ಭಾಷೆ. ಅದರಲ್ಲಿ ನೀವು ತಪ್ಪು ಪದ ಬಳಸಿದರೆ ಜನ ತಿರುಗಿ ನೋಡಿಯೇ ನೋಡುತ್ತಾರೆ.

ಬೆಳ್ಳಕ್ಕಿ
“ತಪ್ಪು ಪದ”! ಇದೇ ಮಾತನ್ನು ಹೆಂಗಸರಿಗೆ ಎಷ್ಟು ಕಾಲ ಹೇಳಿದರು ಗೊತ್ತೇ? ಗಂಡಸಿನ ಉಡುಪು ತೊಡಬೇಕೆನ್ನುವ ಹೆಂಗಸು ಪೊಲೀಸರ ಅನುಮತಿ ಪಡೆಯಬೇಕೆಂದು ಪ್ಯಾರಿಸ್ಸಿನಲ್ಲಿ 1800ರಲ್ಲಿ ಆದೇಶವಾಯಿತು. ಕೈಯಲ್ಲಿ ಕುದುರೆಯ ಲಗಾಮೋ ಸೈಕಲ್ಲಿನ ಹಿಡಿಯೋ ಇದ್ದರೆ ಪ್ಯಾಂಟ್ ತೊಡಬಹುದು ಎಂದು 1892 ಮತ್ತು 1909ರಲ್ಲಿ ಸಡಿಲಿಸಿದರು. ಆ ಆದೇಶಕ್ಕೆ ಬೆಲೆಯಿಲ್ಲ ಎಂದು ಫ್ರಾನ್ಸ್ ಸರ್ಕಾರ ಅಧಿಕೃತವಾಗಿ ಹೇಳಿದ್ದು 2013ರ ಜನವರಿಯಲ್ಲಿ. ಅಮೆರಿಕದ ಸೆನೆಟ್ ಸಭಾಂಗಣದಲ್ಲಿ ಮಹಿಳಾ ಸದಸ್ಯರು ಪ್ಯಾಂಟ್ ತೊಡಲು 1993ರವರೆಗೆ ಕಾಯಬೇಕಾಯಿತು. ಇಂದು ಪ್ಯಾಂಟ್ ತೊಟ್ಟ ಹೆಂಗಸನ್ನು ಯಾರು ತಿರುಗಿ ನೋಡುತ್ತಾರೆ? ಭಾಷೆ ಬದಲಾದದ್ದು ನೀವು ಹೇಳುವ ಆ ತಪ್ಪು ಪದವನ್ನು ಬಳಸಿದವರಿಂದಲೇ.

ನೇರನುಡಿ
“ಕಾಯಬೇಕಾಯಿತು” ಎಂದಿರಿ, ಒಪ್ಪಿದೆ ಮೇಡಂ. ಕಾದರು, ಕೇಳಿದರು, ಜಗಳವಾಡಿದರು, ಏಕೆಂದರೆ ಅವರಿಗೆ ಬೇಕಿತ್ತು. ಸ್ಕರ್ಟ್ ಬೇಕೆಂದು ಕೇಳುವ ಗಂಡಸರು ಎಷ್ಟು ಮಂದಿ? 2008ರಲ್ಲಿ ಅಮೆರಿಕದ ಅಂಚೆ ಬಟವಾಡೆಗಾರರ ಸಂಘದ ಸಮ್ಮೇಳನದಲ್ಲಿ ಸಮವಸ್ತ್ರಕ್ಕೆ ಕಿಲ್ಟನ್ನೂ ಸೇರಿಸಬೇಕೆಂಬ ಪ್ರಸ್ತಾಪ ಬಂತು. ಕಡ್ಡಾಯವೂ ಅಲ್ಲ, ಬೇಕಾದವರಿಗೆ ಮಾತ್ರ. ಅದೂ ಭಾರಿ ಅಂತರದಲ್ಲಿ ಬಿದ್ದುಹೋಯಿತು. ದಿನವಿಡೀ ನಡೆದು ದುಡಿಯುವವರೇ ಬೇಡವೆಂದರು.

ನಡಿಗೆಗಾರ
“ಎಷ್ಟು ಮಂದಿ” ಎಂದು ಕೇಳಿದಿರಿ. 2013ರಲ್ಲಿ ಸ್ಟಾಕ್‌ಹೋಮಿನ ರೈಲು ಚಾಲಕರು ಬೇಸಗೆಯಲ್ಲಿ ಸ್ಕರ್ಟ್ ತೊಟ್ಟು ರೈಲು ಓಡಿಸಿದರು, ಸಂಸ್ಥೆ ತಡೆಯಲಿಲ್ಲ. 2017ರ ಜೂನಿನಲ್ಲಿ ಫ್ರಾನ್ಸಿನ ನಾಂಟ್ ನಗರದ ಬಸ್ ಚಾಲಕರು ತೊಟ್ಟರು. ಅದೇ ತಿಂಗಳು ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಶಾಲೆಯ ಹುಡುಗರು ತೊಟ್ಟರು. ಇವರೆಲ್ಲ ಬೀದಿಯಲ್ಲಿ, ಕೆಲಸದಲ್ಲಿ, ಎಲ್ಲರ ಕಣ್ಣೆದುರು ತೊಟ್ಟವರು.

ನೇರನುಡಿ
ಅವರಿಗೆ ಬೇಕಿದ್ದದ್ದು ಚಡ್ಡಿ! ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದಿರಿ. ಸೆಕೆಯಲ್ಲಿ ಚಡ್ಡಿ ತೊಡಲು ಬಿಡದ ಕಾರಣಕ್ಕೆ, ನಿಯಮದಲ್ಲಿ ಸ್ಕರ್ಟಿಗೆ ಅಡ್ಡಿಯಿಲ್ಲ ಎಂದು ಪ್ರತಿಭಟಿಸಿದರು. ಮೂರು ಕಡೆಯೂ ಅದೇ ಕತೆ. ನಾಂಟಿನಲ್ಲಿ ಮಂಡಿಯವರೆಗಿನ ಚಡ್ಡಿಗೆ ಒಪ್ಪಿಗೆ ಸಿಕ್ಕಿತು, ಪ್ರತಿಭಟನೆ ಮುಗಿಯಿತು. ಗಂಡಸರಿಗೆ ಸ್ಕರ್ಟ್ ಬೇಡ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಹಳೆಯ ದರ್ಜಿ
ಚರ್ಚೆ ಎಲ್ಲಿಗೋ ಹೋಗಿದೆ. ಮೊದಲ ಸಾಲಿನಲ್ಲೇ ಕುಳಿತ ತಪ್ಪನ್ನು ಯಾರೂ ಮುಟ್ಟಲಿಲ್ಲ. “ಕಿಲ್ಟ್ ಅಥವಾ ಸಾದಾ ಸ್ಕರ್ಟ್” ಎಂದರೇನು? ಕಿಲ್ಟ್ ಸ್ಕರ್ಟ್ ಅಲ್ಲ. ಒಂದು ಪೂರ್ಣ ಕಿಲ್ಟಿಗೆ ಸುಮಾರು ಎಂಟು ಗಜ ಉಣ್ಣೆಯ ಬಟ್ಟೆ ಬೇಕು. ನೆರಿಗೆಗಳೆಲ್ಲ ಹಿಂದೆ ಮತ್ತು ಪಕ್ಕದಲ್ಲಿ. ಮುಂದೆ ನೆರಿಗೆಯಿಲ್ಲದ ಎರಡು ಅಂಚುಗಳು ಒಂದರ ಮೇಲೊಂದು ಬರುತ್ತವೆ. ಬಿಗಿಯಲು ಚರ್ಮದ ಪಟ್ಟಿ ಮತ್ತು ಬಕಲ್. ನೆರಿಗೆ ಹಿಡಿದ ಮೇಲೂ ಟಾರ್ಟನ್ ಚೌಕಳಿ ಕದಡದಂತೆ ಒಂದೊಂದನ್ನೇ ಅಳೆದು ಕೈಯಲ್ಲಿ ಹೊಲಿಯಬೇಕು. ನಾನು ಹೊಲಿದಿದ್ದೇನೆ, ಒಂದು ನೆರಿಗೆ ಕೂದಲೆಳೆಯಷ್ಟು ಜಾರಿದರೆ ಇಡೀ ಸಾಲು ಬಿಚ್ಚಬೇಕು. ಇದು ಗಂಡಸಿಗಾಗಿಯೇ ಹುಟ್ಟಿದ ಉಡುಪು, ಸ್ಕಾಟ್ಲೆಂಡಿನ ಗುಡ್ಡಗಾಡು ಪ್ರದೇಶವಾದ ಹೈಲ್ಯಾಂಡ್ಸ್ ಜನರ ಪರಂಪರೆ. ಅದನ್ನು ಸ್ಕರ್ಟಿನ ಜೊತೆ ಒಂದೇ ಉಸಿರಿನಲ್ಲಿ ಹೇಳಬೇಡಿ.

ಚರಿತ್ರೆಪ್ರಿಯ
“ಪರಂಪರೆ” ಎಂಬ ಪದಕ್ಕೆ ಪುರಾವೆ ಕೊಡಿ. ಹೈಲ್ಯಾಂಡ್ಸ್ ಜನ 16ನೇ ಶತಮಾನದ ಕೊನೆಯಿಂದ ತೊಡುತ್ತಿದ್ದದ್ದು ಮೈಗೆಲ್ಲ ಸುತ್ತಿ, ಸೊಂಟಕ್ಕೆ ಪಟ್ಟಿ ಬಿಗಿದು, ಉಳಿದದ್ದನ್ನು ಹೆಗಲ ಮೇಲೆ ಎಳೆದುಕೊಳ್ಳುವ ದೊಡ್ಡ ಹೊದಿಕೆ. ನೀವು ಹೇಳುತ್ತಿರುವ, ಸೊಂಟದಿಂದ ಕೆಳಗೆ ಮಾತ್ರ ಇರುವ ಕಿಲ್ಟನ್ನು ರೂಪಿಸಿದವನು ಥಾಮಸ್ ರಾಲಿನ್ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ. 1720ರ ದಶಕದಲ್ಲಿ ತನ್ನ ಕುಲುಮೆಯ ಕೆಲಸಗಾರರಿಗೆ ಆ ಹೊದಿಕೆ ತೊಡಕಾಗುತ್ತದೆಂದು ಅದನ್ನು ಎರಡು ಭಾಗ ಮಾಡಿಸಿದ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಇದನ್ನು ವಿವರವಾಗಿ ಬರೆದಿದ್ದಾರೆ. ಇಂದಿನ ವೈಭವವೆಲ್ಲ 1822ರಲ್ಲಿ ದೊರೆ ನಾಲ್ಕನೆಯ ಜಾರ್ಜ್ ಎಡಿನ್‌ಬರೊಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಮೆರವಣಿಗೆಯ ಫಲ.

ಹಳೆಯ ದರ್ಜಿ
“ಇಂಗ್ಲಿಷ್ ಉದ್ಯಮಿ”! ಈ ಕತೆ ನಿಂತಿರುವುದು ಒಂದೇ ಒಂದು ಪತ್ರದ ಮೇಲೆ. ಅದು ಅಚ್ಚಾದದ್ದು 1785ರಲ್ಲಿ, ಘಟನೆಯಾದ ಅರವತ್ತು ವರ್ಷಗಳ ಮೇಲೆ. ಸ್ಕಾಟ್ಲೆಂಡಿನ ಎಷ್ಟೋ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಪದಚ್ಯುತ ಸ್ಟುವರ್ಟ್ ರಾಜವಂಶದ ಪರ ಎದ್ದ ಜಾಕೊಬೈಟ್ ದಂಗೆ ಮುರಿದ ಮೇಲೆ 1746ರಲ್ಲಿ ಬಂದ ಉಡುಪು ನಿಷೇಧದ ಕಾನೂನಿನಲ್ಲಿಯೇ ಚಿಕ್ಕ ಕಿಲ್ಟಿನ, ಅಂದರೆ ಸೊಂಟದಿಂದ ಕೆಳಗೆ ಮಾತ್ರ ಇರುವುದರ, ಹೆಸರಿದೆ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೆಯ ಸಲಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ನಿಷೇಧ ತೆರವಾಗಲು 1782ರವರೆಗೆ ಕಾಯಬೇಕಾಯಿತು. ಹೊರಗಿನವನೊಬ್ಬ ಇಪ್ಪತ್ತು ವರ್ಷದ ಹಿಂದೆ ಹೊಲಿಸಿದ ತುಂಡು ಬಟ್ಟೆಗೆ ಸರ್ಕಾರ ಹೀಗೆ ಬೆದರುತ್ತದೆಯೇ?

ಚರಿತ್ರೆಪ್ರಿಯ
“ಕಾನೂನಿನಲ್ಲಿಯೇ ಹೆಸರಿದೆ” ಎಂದಿರಿ. ಅದೇ ಸಾಲನ್ನು ಮುಂದಕ್ಕೆ ಓದಿ. ಚಿಕ್ಕ ಕಿಲ್ಟಿನ ಪಕ್ಕದಲ್ಲೇ ‘ಟ್ರೌಸ್’ ಎಂದಿದೆ. ಅದು ಹೈಲ್ಯಾಂಡ್ಸ್ ಜನರ ಬಿಗಿಯಾದ ಪ್ಯಾಂಟ್. ಹೆಸರಿದ್ದದ್ದೇ ಪರಂಪರೆಯಾದರೆ ಪ್ಯಾಂಟೂ ಅವರ ಪರಂಪರೆಯೇ. ಸೇನೆಗೆ ಆ ಕಾನೂನು ಅನ್ವಯವಾಗಲಿಲ್ಲ ಎಂಬುದನ್ನೂ ನೀವು ಬಿಟ್ಟಿರಿ. ಕಿಲ್ಟನ್ನು ಉಳಿಸಿ ಬೆಳೆಸಿದ್ದು ಬ್ರಿಟಿಷ್ ದೊರೆಯ ಪಡೆಗಳು.

ನೇರನುಡಿ
“ಪ್ಯಾಂಟೂ ಅವರ ಪರಂಪರೆಯೇ”. ಇದನ್ನು ಎಲ್ಲರೂ ಎರಡು ಸಲ ಓದಿ. ಕುದುರೆ ಏರುವ ಅಲ್ಲಿನ ಗಣ್ಯರು ತೊಡುತ್ತಿದ್ದದ್ದು ಅದನ್ನೇ. ಕಿಲ್ಟಿನ ತವರಿನಲ್ಲೇ ಅನುಕೂಲವಿದ್ದವನು ಪ್ಯಾಂಟ್ ಆರಿಸಿಕೊಂಡ.

ಪ್ರಯೋಗಪ್ರಿಯ
ಅನುಕೂಲದ ಮಾತು ಬಂತು, ಆದ್ದರಿಂದ ಹೇಳುತ್ತೇನೆ. ವೃಷಣಗಳು ಮೈಯ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ ಇರಬೇಕು. 2018ರಲ್ಲಿ ಹಾರ್ವರ್ಡಿನ ಸಂಶೋಧಕರು 656 ಗಂಡಸರನ್ನು ಪರೀಕ್ಷಿಸಿದಾಗ, ಸಡಿಲ ಬಟ್ಟೆಯವರಲ್ಲಿ ವೀರ್ಯಾಣುಗಳ ಸಾಂದ್ರತೆ ಶೇ 25ರಷ್ಟು ಹೆಚ್ಚಿತ್ತು. 2013ರಲ್ಲಿ ಸ್ಕಾಟ್ಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲಿ ಕಿಲ್ಟಿನ ಬಗ್ಗೆಯೇ ಲೇಖನ ಬಂದಿದೆ. ಆರೋಗ್ಯದ ದೃಷ್ಟಿಯಿಂದ ತೀರ್ಪು ಆಗಲೇ ಬಂದಾಗಿದೆ.

ನೇರನುಡಿ
“ಸಡಿಲ ಬಟ್ಟೆ” ಎಂದು ಮುಗಿಸಿದಿರಿ. ಆ 656 ಮಂದಿಯನ್ನು ಕೇಳಿದ್ದು ಒಳಚಡ್ಡಿಯ ಬಗ್ಗೆ. ಸ್ಕರ್ಟಿನ ಮಾತೇ ಅಲ್ಲಿಲ್ಲ. 2013ರ ಲೇಖನ ಹಳೆಯ ಬರಹಗಳನ್ನು ಓದಿ ಮಾಡಿದ ಊಹೆ, ಕಿಲ್ಟ್ ತೊಟ್ಟವರ ಮೇಲೆ ನಡೆಸಿದ ಪ್ರಯೋಗವಲ್ಲ. ಸಡಿಲವಾದ ಒಳಚಡ್ಡಿ ಹಾಕಿಕೊಂಡು ಮೇಲೆ ಪ್ಯಾಂಟ್ ತೊಟ್ಟರೆ ಸಾಕಲ್ಲವೇ?

ನಡಿಗೆಗಾರ
ದಯವಿಟ್ಟು ವಿಷಯಕ್ಕೆ ಬನ್ನಿ. ನನಗೆ ವೀರ್ಯಾಣುವಿನ ಲೆಕ್ಕ ಬೇಡ, ರಾಲಿನ್ಸನ್ನನೂ ಬೇಡ. ಮ್ಯಾನ್ಮಾರಿನಲ್ಲಿ ಗಂಡಸರೂ ಹೆಂಗಸರೂ ಲುಂಗಿಯಂಥ ಲೋಂಗ್ಯಿ ತೊಟ್ಟೇ ಕಚೇರಿಗೆ ಹೋಗುತ್ತಾರೆ. ಫಿಜಿಯ ಪೊಲೀಸರ ಸಮವಸ್ತ್ರದಲ್ಲಿ ಸುಲು ಎಂಬ ಸ್ಕರ್ಟಿನಂಥ ಉಡುಪಿದೆ. ಅವರು ಗಂಡಸರಲ್ಲ ಎನ್ನುವ ಧೈರ್ಯ ಯಾರಿಗಿದೆ? ನಾನು ಕೇಳಿದ್ದು, ಒಬ್ಬ ಮನುಷ್ಯ ಅವಮಾನವಿಲ್ಲದೆ ಬಸ್ ಕಾಯಬಹುದೇ ಎಂದು.

ಹಳೆಯ ದರ್ಜಿ
ಸುಲುವಿಗೂ ಕಿಲ್ಟಿಗೂ ಸಂಬಂಧವೇ ಇಲ್ಲ. ಸುಲುವಿನಲ್ಲಿ ನೆರಿಗೆಯೇ ಇರುವುದಿಲ್ಲ. ನೆರಿಗೆ ಬೇಕಾದರೆ ಗ್ರೀಸಿನ ಅಧ್ಯಕ್ಷರ ಕಾವಲುಪಡೆ ಸೊಂಟಕ್ಕೆ ತೊಡುವ ಫುಸ್ಟನೆಲ್ಲಾ ನೋಡಿ, 400 ನೆರಿಗೆ. ಅದನ್ನೂ ಯಾರೂ ಸ್ಕರ್ಟ್ ಎನ್ನುವುದಿಲ್ಲ.

ಬೆಳ್ಳಕ್ಕಿ
“ಯಾರೂ ಸ್ಕರ್ಟ್ ಎನ್ನುವುದಿಲ್ಲ” ಎಂದು ಅಷ್ಟು ಕಾಳಜಿಯಿಂದ ಹೇಳುತ್ತೀರಲ್ಲ, ಏಕೆ? ಸ್ಕರ್ಟ್ ಎಂದರೆ ಅದರ ಮಾನ ಹೋಗುತ್ತದೆಯೇ? ನಿಮಗಿಂತ ನೇರನುಡಿಯವರೇ ವಾಸಿ, ಅವರು ಬೇಡವೆಂದು ಬಾಯಿಬಿಟ್ಟು ಹೇಳುತ್ತಾರೆ. ನೀವು ಕಿಲ್ಟನ್ನು ಮಾತ್ರ ಎತ್ತಿ ಗಂಡಸರ ಪಾಲಿಗಿಟ್ಟು, ಉಳಿದದ್ದನ್ನೆಲ್ಲ ‘ಹೆಂಗಸರದ್ದು’ ಎಂದು ಕೆಳಗೆ ತಳ್ಳುತ್ತೀರಿ. ಸೊಂಟದಿಂದ ಇಳಿಯುವ, ಕಾಲುಗಳ ನಡುವೆ ಹೊಲಿಗೆಯಿಲ್ಲದ ಬಟ್ಟೆ ಸ್ಕರ್ಟ್. ಇಷ್ಟು ಒಪ್ಪಲು ನಿಮಗೆ ಏಕೆ ಕಷ್ಟವಾಗುತ್ತಿದೆ ಎಂಬುದಕ್ಕೂ ಬಸ್ ನಿಲ್ದಾಣದಲ್ಲಿ ನಡಿಗೆಗಾರರಿಗೆ ಬಿದ್ದ ಮಾತಿಗೂ ಬೇರು ಒಂದೇ.

ಹಳೆಯ ದರ್ಜಿ
“ಕೆಳಗೆ ತಳ್ಳುತ್ತೀರಿ”? ಈ ಮಾತನ್ನು ನಾನು ಸಹಿಸುವುದಿಲ್ಲ. ಐವತ್ತು ವರ್ಷ ಹೆಂಗಸರ ಬಟ್ಟೆ ಹೊಲಿದೇ ಬದುಕಿದ್ದೇನೆ. ಅದು ಕೀಳೆಂದು ಒಂದು ದಿನವೂ ಎಣಿಸಿಲ್ಲ. ಬೇರೆ ಎಂದರೆ ಕೀಳು ಎಂದಾಗುವುದಿಲ್ಲ. ಅಂಗಿಯನ್ನು ಕೋಟ್ ಎಂದರೆ ತಿದ್ದುತ್ತೇನೆ, ಕಿಲ್ಟನ್ನು ಸ್ಕರ್ಟ್ ಎಂದರೂ ತಿದ್ದುತ್ತೇನೆ. ನನ್ನ ಬಾಯಲ್ಲಿ ಇಲ್ಲದ ಮಾತನ್ನು ತುರುಕಬೇಡಿ.

ಬೆಳ್ಳಕ್ಕಿ
ತಿದ್ದಿ, ಬೇಡವೆನ್ನುವುದಿಲ್ಲ. ನಡಿಗೆಗಾರರು ಸಾದಾ ಸ್ಕರ್ಟ್ ತೊಟ್ಟು ನಿಮ್ಮ ಬಳಿ ಅಂಚು ಹೊಲಿಸಲು ಬಂದರೆ ಹೊಲಿದುಕೊಡುತ್ತೀರಾ? ಹೌದೋ ಅಲ್ಲವೋ, ಒಂದೇ ಪದ ಸಾಕು.

ನೇರನುಡಿ
ಹೊಲಿದುಕೊಡುವುದು ದರ್ಜಿಯ ಕಸುಬು, ಅದರಿಂದ ಏನೂ ಸಾಬೀತಾಗುವುದಿಲ್ಲ. ನಾನು ಕೇಳಿದ ಪ್ರಶ್ನೆ ಹಾಗೆಯೇ ಬಿದ್ದಿದೆ: ಬೇಕೆನ್ನುವ ಗಂಡಸರು ಎಲ್ಲಿ? ಫ್ರಾನ್ಸಿನ ವಸ್ತ್ರ ವಿನ್ಯಾಸಕ ಜಾನ್ ಪಾಲ್ ಗೋಟಿಯೇ 1985ರ ಸಂಗ್ರಹದಲ್ಲೇ ಗಂಡಸರಿಗೆ ಸ್ಕರ್ಟ್ ತೊಡಿಸಿ ವೇದಿಕೆ ಮೇಲೆ ನಡೆಸಿದರು. 2003ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ ಗಂಡಸರ ಸ್ಕರ್ಟುಗಳಿಗೆಂದೇ ಪ್ರದರ್ಶನ ನಡೆಸಿತು. 2022ರಲ್ಲಿ ನಟ ಬ್ರಾಡ್ ಪಿಟ್ ಬರ್ಲಿನ್ನಿನಲ್ಲಿ ತೊಟ್ಟು ಬಂದರು. ನಲವತ್ತು ವರ್ಷ ದಾಟಿದರೂ ಬೀದಿ ಅದನ್ನು ತೆಗೆದುಕೊಂಡಿಲ್ಲ.

ನಡಿಗೆಗಾರ
“ಬೀದಿ ತೆಗೆದುಕೊಂಡಿಲ್ಲ”. ಹೇಗೆ ತೆಗೆದುಕೊಳ್ಳುತ್ತದೆ ಸ್ವಾಮಿ? ತೊಟ್ಟು ಬಂದವನ ಫೋಟೊ ತೆಗೆದು ಹೆದರಿಸಿ ಮನೆಗೆ ಕಳಿಸಿ, ಆಮೇಲೆ ಯಾರೂ ತೊಡುತ್ತಿಲ್ಲ ಎಂದು ಎಣಿಸುವುದು ಯಾವ ನ್ಯಾಯ? ಮೊದಲ ವರ್ಷ ನಾನೇ ಕತ್ತಲಾದ ಮೇಲೆ ಮಾತ್ರ ತೊಟ್ಟು ಹೊರಡುತ್ತಿದ್ದೆ. ಆಗ ನಿಮ್ಮ ಲೆಕ್ಕದಲ್ಲಿ ನಾನೂ ಪ್ಯಾಂಟ್ ತೊಡುವವನೇ ಆಗಿದ್ದೆ.

ನೇರನುಡಿ
ಹೆದರಿಸಿದ್ದು ತಪ್ಪು, ಮೊದಲೇ ಹೇಳಿದ್ದೇನೆ. ಉಳಿದ ಮಾತಿನಲ್ಲಿ ಬದಲಾವಣೆಯಿಲ್ಲ.

ಹಳೆಯ ದರ್ಜಿ
ಬೆಳ್ಳಕ್ಕಿಯವರಿಗೆ: ಹೊಲಿದುಕೊಡುತ್ತೇನೆ. ಆದರೆ ಚೀಟಿಯಲ್ಲಿ ‘ಸ್ಕರ್ಟ್’ ಎಂದೇ ಬರೆಯುತ್ತೇನೆ. ನಡಿಗೆಗಾರರಿಗೆ: ಕಿಲ್ಟಿನ ಅಂಚು ಮಂಡಿಚಿಪ್ಪಿನ ನಡುವೆ ನಿಲ್ಲಬೇಕು. ನೆಲಕ್ಕೆ ಮಂಡಿಯೂರಿ ಅಳತೆ ನೋಡಿಕೊಳ್ಳಿ. ಕೂರುವಾಗ ಹಿಂದಿನ ನೆರಿಗೆಯನ್ನು ಅಂಗೈಯಿಂದ ಸವರಿ ಕೆಳಕ್ಕೆ ಒತ್ತಿ ಕೂರಿ, ಇಲ್ಲದಿದ್ದರೆ ಒಂದೇ ವಾರದಲ್ಲಿ ಮಡಿಕೆ ಕೆಡುತ್ತದೆ.

ಚರಿತ್ರೆಪ್ರಿಯ
ಒಂದು ತಿದ್ದುಪಡಿ ಉಳಿದಿದೆ. ರಾಲಿನ್ಸನ್ ಬಗೆಗಿನ ಪತ್ರ ಅಚ್ಚಾದದ್ದು 1785ರಲ್ಲಿ, ಬರೆದದ್ದು 1768ರಲ್ಲಿ. ಅರವತ್ತು ವರ್ಷವಲ್ಲ, ನಲವತ್ತು. ದರ್ಜಿಯವರು ಇದಕ್ಕೆ ಉತ್ತರಿಸಬೇಕು.

ಹಳೆಯ ದರ್ಜಿ
ನಲವತ್ತಾದರೂ ಪತ್ರ ಒಂದೇ.