ರೈಲ್ವೆ ಗೇಟಿನಲ್ಲಿ ನಿಂತರೆ ಮುಳ್ಳು ಏರುತ್ತದೆ, ಫ್ಯಾನ್ ತಿರುಗುವುದಿಲ್ಲ (2002ರ ಎಂಪಿಎಫ್‌ಐ ಕಾರು)

ಕೌಲ್‌ಬಜಾರ್ ಹುಡುಗ, ಬಳ್ಳಾರಿ

ಅಪ್ಪನಿಂದ ಬಂದ ಪೆಟ್ರೋಲ್ ಕಾರು (ಎಂಪಿಎಫ್‌ಐ ಅಂದರೆ ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸುವ ಬಗೆ), ಇಲ್ಲಿಯವರೆಗೆ 1,34,000 ಕಿ.ಮೀ. ಓಡಿದೆ. ಹೊಸಪೇಟೆಗೆ ಹೋಗಿ ಬಂದರೆ ದಾರಿಯುದ್ದಕ್ಕೂ ಟೆಂಪರೇಚರ್ ಮುಳ್ಳು ಅರ್ಧ ದಾಟುವುದಿಲ್ಲ. ಊರೊಳಗೆ ಗೇಟು ಬಿದ್ದು ಹತ್ತು ನಿಮಿಷ ನಿಂತೆನೋ, ಮುಕ್ಕಾಲು ಮೀರಿ ಕೆಂಪು ಗೆರೆಯ ಕಡೆ ಹೊರಡುತ್ತದೆ. ರೇಡಿಯೇಟರ್ ಫ್ಯಾನ್ ಮಾತ್ರ ಕದಲುವುದಿಲ್ಲ. ಎಸಿ ಹಾಕಿದರೆ ಎರಡೂ ಫ್ಯಾನುಗಳು ತಿರುಗಿ ಮುಳ್ಳು ಇಳಿಯುತ್ತದೆ.

ಮೆಕ್ಯಾನಿಕ್ ಫ್ಯಾನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಬದಲಿಸಿದರು, ಟೆಂಪರೇಚರ್ ಸೆನ್ಸರ್ ಹೊಸದು ಹಾಕಿದರು. ಏನೂ ವ್ಯತ್ಯಾಸವಿಲ್ಲ. ಚೆಕ್ ಎಂಜಿನ್ ದೀಪವೂ ಉರಿಯುತ್ತಿಲ್ಲ. ಈಗ ಫ್ಯಾನನ್ನು ಡೈರೆಕ್ಟ್ ಮಾಡೋಣ, ಕೀ ತಿರುಗಿಸಿದೊಡನೆ ಓಡುತ್ತಿರಲಿ ಎನ್ನುತ್ತಿದ್ದಾರೆ. ಏಪ್ರಿಲ್ ಬಂದಾಗಿದೆ, ಬಳ್ಳಾರಿಯ ಬಿಸಿಲು ನಿಮಗೆ ಹೇಳಬೇಕಾಗಿಲ್ಲ. ಮಾಡಿಸಿಬಿಡಲೇ? (ಮೈಲೇಜೂ 15ರಿಂದ 11ಕ್ಕೆ ಬಿದ್ದಿದೆ. ಅದು ಬೇರೆ ಕಥೆ, ಇನ್ನೊಮ್ಮೆ ಕೇಳುತ್ತೇನೆ.)

ಗಂಗಾವತಿ ಸವಾರ, ಕೊಪ್ಪಳ ಜಿಲ್ಲೆ

ಧಾರಾಳವಾಗಿ ಮಾಡಿಸಿ. ನಾನು ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಸ್ವಿಚ್ ಹಾಕಿಸಿಕೊಂಡು ಮೂರು ವರ್ಷವಾಯಿತು. ಬಿಸಿಯಾದರೆ ಒತ್ತುತ್ತೇನೆ, ಇಳಿದರೆ ಆರಿಸುತ್ತೇನೆ. ಕಂಪ್ಯೂಟರಿನ ಗೊಡವೆಯೇ ಬೇಡ. ಒಮ್ಮೆ ಮದುವೆ ಮನೆಯಿಂದ ಬರುವಾಗ ಒತ್ತಲು ಮರೆತು ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ (ಎಂಜಿನ್ ತಲೆಯ ಕೆಳಗಿನ ಸೀಲ್) ಹೋಯಿತು ನಿಜ, ಆದರೆ ಅದು ನನ್ನ ತಪ್ಪು.

ಹಳೇ ವೈರಿಂಗ್, ರಾಯಚೂರು

ಸವಾರರೇ, ನಿಮ್ಮ ಸಾಕ್ಷಿ ನಿಮಗೇ ವಿರುದ್ಧವಾಗಿದೆ.

ತಮ್ಮಾ, ಎಸಿ ಹಾಕಿದಾಗ ಫ್ಯಾನ್ ತಿರುಗುತ್ತದೆ ಎಂದೆಯಲ್ಲ, ಅರ್ಧ ಉತ್ತರ ಅಲ್ಲಿಯೇ ಇದೆ. ಮೋಟಾರು ಚೆನ್ನಾಗಿದೆ, ಫ್ಯೂಸು ಚೆನ್ನಾಗಿದೆ, ರಿಲೇಯನ್ನು ಸುಮ್ಮನೆ ಬದಲಿಸಿದಿರಿ. ಹೆದ್ದಾರಿಯಲ್ಲಿ ಬಿಸಿಯಾಗದಿರುವುದರಿಂದ ರೇಡಿಯೇಟರ್ ಕಟ್ಟಿಕೊಂಡಿದೆ, ಪಂಪು ಕೆಟ್ಟಿದೆ ಎನ್ನುವ ಅನುಮಾನವೂ ಹೋಯಿತು. ಓಡುವ ಕಾರಿಗೆ ಎದುರುಗಾಳಿಯೇ ಫ್ಯಾನು. ಉಳಿದದ್ದು ಒಂದೇ ಪ್ರಶ್ನೆ: ನೀರು ಬಿಸಿಯಾಗಿದೆ ಎಂಬ ಸುದ್ದಿ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಮುಟ್ಟುತ್ತಿದೆಯೇ?

ಮೆಕ್ಯಾನಿಕ್ ಬದಲಿಸಿದ ಸೆನ್ಸರಿಗೆ ಎಷ್ಟು ತಂತಿಗಳಿವೆ, ನೋಡಿ ಹೇಳು. ಆ ಕಾಲದ ಎಷ್ಟೋ ಕಾರುಗಳಲ್ಲಿ ಎರಡು ಸೆನ್ಸರುಗಳು ಅಕ್ಕಪಕ್ಕ ಕೂತಿರುತ್ತವೆ. ಒಂದು ತಂತಿಯದು ಮೀಟರಿನ ಮುಳ್ಳಿಗೆ, ಎರಡು ತಂತಿಯದು ಇಸಿಯುಗೆ. ಮುಳ್ಳು ನೋಡುವ ಬಿಸಿ ಬೇರೆ, ಇಸಿಯು ನೋಡುವ ಬಿಸಿ ಬೇರೆ. ನಿನ್ನ ಮುಳ್ಳು ನಿಜ ಹೇಳುತ್ತಿದೆ, ಇಸಿಯುಗೆ ಯಾರೋ ಸುಳ್ಳು ಹೇಳುತ್ತಿದ್ದಾರೆ.

ಎಂಜಿನ್ ಓಡುತ್ತಿರುವಾಗ ಎರಡು ತಂತಿಯ ಸೆನ್ಸರಿನ ಕನೆಕ್ಟರ್ ಕಿತ್ತು ನೋಡು. ಫ್ಯಾನ್ ರೆಕ್ಕೆಯಿಂದ ಕೈ, ಅಂಗಿಯ ತೋಳು ದೂರವಿರಲಿ. ಸೆನ್ಸರ್ ಕಾಣೆಯಾದರೆ ಹೆಚ್ಚಿನ ಇಸಿಯುಗಳು ಹೆದರಿ ಫ್ಯಾನನ್ನು ತಾವೇ ಓಡಿಸುತ್ತವೆ.

ಇನ್ನು ಸ್ವಿಚ್ಚಿನ ಮಾತು. ಫ್ಯಾನ್ ಮೋಟಾರು ಎಳೆಯುವುದು ಹತ್ತು ಆಂಪಿಯರ್ ಆಸುಪಾಸು, ಶುರುವಾಗುವಾಗ ಇನ್ನೂ ಹೆಚ್ಚು. ಅದನ್ನು ತೆಳು ತಂತಿಯಲ್ಲಿ ಡ್ಯಾಶ್‌ಬೋರ್ಡಿಗೆ ತಂದರೆ ಸುಟ್ಟ ವಾಸನೆ ಬರುವುದು ಇಂದಲ್ಲ ನಾಳೆ. ದಾರಿ ಮಧ್ಯೆ ಮನೆ ಸೇರುವ ಮಟ್ಟಿಗೆ ಸ್ವಿಚ್ ಬೇಕೇ ಬೇಕೆಂದರೆ, ಇಸಿಯು ರಿಲೇಯ ಕಾಯಿಲ್‌ಗೆ (ಒಳಗಿನ ತಂತಿ ಸುರುಳಿಗೆ) ಅರ್ಥ್ ಕೊಡುವ ತಂತಿಗೆ ಸಮಾನಾಂತರವಾಗಿ ಹಾಕಬೇಕು. ಅಲ್ಲಿ ಹರಿಯುವುದು ಆಂಪಿಯರಿನ ಐದನೇ ಒಂದು ಭಾಗವೂ ಇಲ್ಲ.

ಕೌಲ್‌ಬಜಾರ್ ಹುಡುಗ

ಕಾಕಾ, ಹೊಸ ಸೆನ್ಸರಿಗೆ ಇರುವುದು ಒಂದೇ ತಂತಿ! ಎರಡು ತಂತಿಯದು ಅದರ ಪಕ್ಕದಲ್ಲಿ, ಮೆದುಗೊಳವೆಯ ಕೆಳಗೆ ಅಡಗಿತ್ತು. ಕನೆಕ್ಟರ್ ಕಿತ್ತೆ, ಎರಡೇ ಸೆಕೆಂಡಿಗೆ ಫ್ಯಾನ್ ಗಿರ್ರೆಂದಿತು. ಹಾಗಾದರೆ ಎರಡು ತಂತಿಯ ಸೆನ್ಸರ್ ತರಿಸಲೇ?

ಹಳೇ ವೈರಿಂಗ್

ಮೊದಲು ಅಳತೆ, ಆಮೇಲೆ ಅಂಗಡಿ. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೋಧ (ಕರೆಂಟಿಗೆ ಒಡ್ಡುವ ಅಡ್ಡಿ, ಅಳತೆ ಓಮ್‌ನಲ್ಲಿ) ಇಳಿಯುತ್ತದೆ. ಸಾಮಾನ್ಯ ಜಾತಿಯದಾದರೆ 20 ಡಿಗ್ರಿಯಲ್ಲಿ ಸುಮಾರು 2,400 ಓಮ್, 60ರಲ್ಲಿ 600, 80ರಲ್ಲಿ 320, ಕುದಿಯುವ ಹೊತ್ತಿಗೆ 190. ಎಂಜಿನ್ ಚೆನ್ನಾಗಿ ಕಾದ ಮೇಲೆ ಕೀ ತೆಗೆದು ಎರಡು ಕಡೆ ಅಳೆ: ಒಮ್ಮೆ ಸೆನ್ಸರಿನ ಕಡ್ಡಿಗಳ ಮೇಲೆಯೇ, ಇನ್ನೊಮ್ಮೆ ಕನೆಕ್ಟರ್ ಮತ್ತೆ ಕೂಡಿಸಿ ಇಸಿಯು ತುದಿಯಲ್ಲಿ. ಎರಡನೆಯದಕ್ಕೆ ಬ್ಯಾಟರಿಯ ಮೈನಸ್ ಬಿಚ್ಚಿ, ಇಸಿಯುವಿನ ದೊಡ್ಡ ಪ್ಲಗ್ ತೆಗೆದಿರಬೇಕು.

ಕೌಲ್‌ಬಜಾರ್ ಹುಡುಗ

ಸೆನ್ಸರಿನ ಮೇಲೆ 245 ಓಮ್. ಇಸಿಯು ತುದಿಯಲ್ಲಿ 610! ಗೆಳೆಯ ಬಾನೆಟ್ ಕಡೆಯಿಂದ ಕನೆಕ್ಟರ್ ಅಲುಗಿಸಿದರೆ ಸಂಖ್ಯೆ 500ರಿಂದ 900ರವರೆಗೆ ಕುಣಿಯುತ್ತದೆ.

ಹಳೇ ವೈರಿಂಗ್

ಕಳ್ಳ ಸಿಕ್ಕ. ಸೆನ್ಸರ್ 90 ಡಿಗ್ರಿ ಎನ್ನುತ್ತಿದೆ. ಕನೆಕ್ಟರಿನಲ್ಲಿ 365 ಓಮ್ ಸೇರಿ, ಇಸಿಯುಗೆ ಕೇಳುವಾಗ ಅದು 60 ಆಗಿದೆ. 95ರ ಹತ್ತಿರ ಫ್ಯಾನ್ ಹಾಕಬೇಕಾದದ್ದು 60ರಲ್ಲಿ ಏಕೆ ಹಾಕೀತು? ದೀಪ ಏಕೆ ಉರಿಯಲಿಲ್ಲ ಎಂದರೆ, ತಂತಿ ತುಂಡಾದರೆ ಅಥವಾ ಶಾರ್ಟ್ ಆದರೆ ಮಾತ್ರ ಈ ಹಳೆಯ ಇಸಿಯುಗಳು ದೂರುತ್ತವೆ. 60 ಡಿಗ್ರಿ ನಂಬುವಂಥ ಸುಳ್ಳು.

ನಿನ್ನ ಮೈಲೇಜಿನ ಕಥೆಯೂ ಬೇರೆಯಲ್ಲ. ಎಂಜಿನ್ ಇನ್ನೂ ಬೆಚ್ಚಗಾಗಿಲ್ಲವೆಂದು ತಿಳಿದು ಇಸಿಯು ಹೆಚ್ಚು ಪೆಟ್ರೋಲ್ ಸುರಿಯುತ್ತಿದೆ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೆ ಮಸಿ ಮೆತ್ತಬೇಕು. ಫ್ಯಾನ್ ಡೈರೆಕ್ಟ್ ಮಾಡಿಸಿದ್ದರೆ ಮುಳ್ಳು ಇಳಿಯುತ್ತಿತ್ತು, ಪೆಟ್ರೋಲ್ ಬಂಕಿಗೆ ಕಾಣಿಕೆ ಹಾಗೆಯೇ ಹೋಗುತ್ತಿತ್ತು.

ಕನೆಕ್ಟರಿನ ಒಳಗೆ ಏನಿದೆ ಟಾರ್ಚ್ ಹಿಡಿದು ನೋಡು. ಎಂಜಿನ್ ತೊಳೆಸುವ ಅಭ್ಯಾಸವಿದೆಯೇ?

ಕೌಲ್‌ಬಜಾರ್ ಹುಡುಗ

ಇದೆ ಕಾಕಾ, ಇಲ್ಲದೆ ಹೇಗೆ? ಕೆಲಸಕ್ಕೆ ದಿನಾ ತೋರಣಗಲ್ಲಿಗೆ ಹೋಗಿ ಬರುತ್ತೇನೆ. ಅದಿರಿನ ಲಾರಿಗಳ ಹಿಂದೆ ವಾರ ಓಡಿಸಿದರೆ ಬಾನೆಟ್ ಒಳಗೆಲ್ಲ ಕುಂಕುಮ ಚೆಲ್ಲಿದ ಹಾಗೆ. ತಿಂಗಳಿಗೊಮ್ಮೆ ಪ್ರೆಷರ್ ನೀರಿನಲ್ಲಿ ತೊಳೆಸುತ್ತೇನೆ.

ಕನೆಕ್ಟರಿನ ರಬ್ಬರ್ ಸೀಲ್ ಗಟ್ಟಿಯಾಗಿ ಸೀಳಿದೆ. ಒಂದು ಪಿನ್ನಿನ ಮೇಲೆ ಹಸಿರು ಕಿಲುಬು, ಅದರ ಸುತ್ತ ಕೆಂಪು ಧೂಳು ನೀರು ಕುಡಿದು ಕೆಸರಾಗಿ ಒಣಗಿದೆ. ಸೂಜಿಯಲ್ಲಿ ಕೆರೆದರೆ ಪಿನ್ನೇ ಪುಡಿಯಾಗುತ್ತಿದೆ. ಸೈಲೆನ್ಸರಿನಲ್ಲಿ ಮಸಿ ಇತ್ತು.

ಹಳೇ ವೈರಿಂಗ್

ಕೆರೆಯಬೇಡ. ಉಜ್ಜಿ ಸ್ಪ್ರೇ ಹೊಡೆದರೆ ಹದಿನೈದು ದಿನ ನಡೆದು ಮತ್ತೆ ಇದೇ ಹಾಡು. ತಂತಿ ಸಹಿತ ಬರುವ ಹೊಸ ಕನೆಕ್ಟರ್ ತಂದು, ಹಳೆಯದನ್ನು ಕತ್ತರಿಸು. ತಂತಿಯ ತಾಮ್ರ ಒಳಗೆ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಹಿಂದೆ ಹೋಗು. ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ) ಕೊಳವೆ. ಟೇಪು ಸುತ್ತಬೇಡ, ನಮ್ಮ ಬಿಸಿಲಿಗೆ ಅಂಟು ಕರಗಿ ಜಾರುತ್ತದೆ. ಇನ್ನು ಮುಂದೆ ಬಾನೆಟ್ ಒಳಗೆ ಗಾಳಿ ಹೊಡೆಸು, ಒದ್ದೆ ಬಟ್ಟೆಯಲ್ಲಿ ಒರೆಸು. ರೇಡಿಯೇಟರಿನ ರೆಕ್ಕೆಗಳಿಗೆ ಮಾತ್ರ ನೀರು, ಅದೂ ಎಂಜಿನ್ ಕಡೆಯಿಂದ ಹೊರಗೆ, ಮೆಲ್ಲಗೆ.

ಕೌಲ್‌ಬಜಾರ್ ಹುಡುಗ

ಭಾನುವಾರ ಮುಗಿಸಿದೆ. ಇಸಿಯು ತುದಿಯಲ್ಲಿ ಈಗ 248 ಓಮ್. ಮನೆ ಮುಂದೆ ಎಸಿ ಹಾಕದೆ ಎಂಜಿನ್ ಬಿಟ್ಟು ಕಾದೆ. ಮುಳ್ಳು ಅರ್ಧ ದಾಟಿ ಒಂದು ಕೂದಲಷ್ಟು ಹೋಗುತ್ತಿದ್ದಂತೆ ರಿಲೇ ಟಿಕ್ ಎಂದಿತು, ಫ್ಯಾನ್ ಹೊರಟಿತು. ಒಂದೂವರೆ ನಿಮಿಷಕ್ಕೆ ತಾನೇ ನಿಂತಿತು. ಎಂಟು ಸಲ ಎಣಿಸಿದೆ, ಅಮ್ಮ ಊಟಕ್ಕೆ ಕರೆದು ಕರೆದು ಸಾಕಾದರು. ಮೈಲೇಜ್ ಟ್ಯಾಂಕ್ ತುಂಬಿಸಿ ನೋಡಿ ತಿಳಿಸುತ್ತೇನೆ.

ಗಂಗಾವತಿ ಸವಾರ

ನನ್ನದಕ್ಕೂ ಮೈಲೇಜ್ ಕಡಿಮೆಯೇ ಇದೆ, ವಯಸ್ಸಾಯಿತು ಎಂದುಕೊಂಡಿದ್ದೆ. ಈಗ ಬಾನೆಟ್ ಎತ್ತಿಕೊಂಡು ನಿಂತಿದ್ದೇನೆ. ಎರಡು ತಂತಿಯ ಸೆನ್ಸರ್ ಎಲ್ಲಿದೆ? ರೇಡಿಯೇಟರ್ ಮುಚ್ಚಳ ತೆಗೆದು ಹುಡುಕಬೇಕೇ?

ಹಳೇ ವೈರಿಂಗ್

ಮುಚ್ಚಳ ಮುಟ್ಟಬೇಡಿ! ಒಳಗೆ ಒತ್ತಡವಿರುತ್ತದೆ, ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ಆರಲಿ. ಆಮೇಲೆ ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆಯುವ ಕವಾಟ) ಇರುವ ಜಾಗದ ಫೋಟೋ ಹಾಕಿ. ನಿಮ್ಮ ಸ್ವಿಚ್ಚಿನದೂ ಒಂದು.